ಸರಪಳಿ ಹಾಕಲಾಗದ ಬದುವಿನ ಉದ್ದವನ್ನು ಕಂಡುಹಿಡಿಯುವ ಕ್ರಮ

ಹೊಲವನ್ನು ಪಾಲು ಮಾಡುವಾಗಲೂ ಕ್ರಯಕ್ಕೆ ಕೊಡುವಾಗಲೂ ಮೂರು ಮೂಲೆಯ ತುಂಡುಗಳ ವಿಸ್ತೀರ್ಣದ ವಿಷಯವಾಗಿ ತಕರಾರು ಹುಟ್ಟುವುದುಂಟು. ಒಂದು ಬದುವಿನ ನಡುವೆ ಬಾವಿಯೋ ಮುಳ್ಳುಪೊದೆಯೋ ಇದ್ದು ಸರಪಳಿ ಎಳೆಯಲಾಗದಿದ್ದರೆ, ಅಂದಾಜಿನ ಲೆಕ್ಕದಿಂದ ಒಬ್ಬರಿಗೆ ನಷ್ಟವು ತಪ್ಪದು. ತುಂಡಿನ ಒಂದು ಮೂಲೆಯು ಲಂಬಕೋನವಾಗಿದ್ದರೆ, ಅಳೆಯಲಾಗದ ಬದಿಯನ್ನು ಲೆಕ್ಕದಿಂದಲೇ ತಿಳಿಯಬಹುದು.

ಮೊದಲು ಮೂಲೆಯನ್ನು ಪರೀಕ್ಷಿಸತಕ್ಕದ್ದು. ಮೂಲೆಯಿಂದ ಒಂದು ಬದುವಿನ ಮೇಲೆ 12 ಅಡಿಗೂ, ಇನ್ನೊಂದರ ಮೇಲೆ 16 ಅಡಿಗೂ ಗೂಟ ನೆಟ್ಟು, ಗೂಟಗಳ ನಡುವಣ ದೂರವನ್ನು ಬಿಗಿಯಾದ ಹಗ್ಗದಿಂದ ಅಳೆಯಿರಿ. ಸರಿಯಾಗಿ 20 ಅಡಿ ಬಂದರೆ ಅದು ಲಂಬಕೋನ. ಬಾರದಿದ್ದರೆ ಈ ಕ್ರಮವು ಅಲ್ಲಿ ಸಲ್ಲದು.

ಲಂಬಕೋನಕ್ಕೆ ಎದುರಾದ ಓರೆ ಬದಿಗೆ ಕರ್ಣವೆಂದೂ, ಉಳಿದೆರಡಕ್ಕೆ ಭುಜ, ಕೋಟಿ ಎಂದೂ ಹೆಸರು. ಭುಜದ ವರ್ಗವನ್ನೂ ಕೋಟಿಯ ವರ್ಗವನ್ನೂ ಕೂಡಿಸಿದರೆ ಕರ್ಣದ ವರ್ಗವಾಗುತ್ತದೆ. ಈ ನಿಯಮವು ನಮ್ಮ ದೇಶಕ್ಕೆ ಹೊಸದಲ್ಲ. ಬೌಧಾಯನ ಶುಲ್ಬಸೂತ್ರದಲ್ಲಿಯೂ, 1150ರಲ್ಲಿ ರಚಿತವಾದ ಭಾಸ್ಕರಾಚಾರ್ಯರ ಲೀಲಾವತಿಯಲ್ಲಿಯೂ ಇದು ಉಕ್ತವಾಗಿದೆ.

ಉದಾಹರಣೆ: ಕರ್ಣವು 165 ಅಡಿ, ಭುಜವು 99 ಅಡಿ, ಕೋಟಿಯ ನಡುವೆ ಬಾವಿ ಇದೆ. 165ರ ವರ್ಗ 27,225; 99ರ ವರ್ಗ 9,801. ಕಳೆದರೆ 17,424. ಇದರ ವರ್ಗಮೂಲ 132. ಆದುದರಿಂದ ಕೋಟಿಯು 132 ಅಡಿ. ಭುಜವನ್ನು ಕೋಟಿಯಿಂದ ಗುಣಿಸಿ ಅರ್ಧ ಮಾಡಿದರೆ 6,534 ಚದರ ಅಡಿ. ಒಂದು ಗುಂಟೆಗೆ 1,089 ಚದರ ಅಡಿಯಾದ್ದರಿಂದ ತುಂಡು ಸರಿಯಾಗಿ 6 ಗುಂಟೆ.

ಕೋಟಿಯನ್ನು ಅರಿಯದೆ ಓರೆ ಬದಿಯನ್ನೇ ಹಿಡಿದು, 165ನ್ನು 99ರಿಂದ ಗುಣಿಸಿ ಅರ್ಧ ಮಾಡಿದವರಿಗೆ ಇದೇ ತುಂಡು ಏಳೂವರೆ ಗುಂಟೆಯಾಗಿ ತೋರುವುದು. ಕೊಳ್ಳುವವನು ಇಲ್ಲದ ಒಂದೂವರೆ ಗುಂಟೆಗೆ ಹಣ ತೆತ್ತಂತಾಯಿತು. ಪಾಲಿನಲ್ಲಿ ಇದನ್ನು ಪಡೆದ ತಮ್ಮನಿಗೆ ಅಷ್ಟು ನೆಲ ಕಡಿಮೆಯಾಯಿತು.

ವರ್ಗಮೂಲವು ಸರಿಯಾಗಿ ಬಾರದಿದ್ದರೆ ಹೆದರಬೇಕಾದುದಿಲ್ಲ. ಕರ್ಣ 90, ಭುಜ 60 ಅಡಿಯಾದರೆ ಉಳಿಯುವುದು 4,500. 67ರ ವರ್ಗ 4,489. 68ರ ವರ್ಗ 4,624. ಆದುದರಿಂದ ಕೋಟಿಯು 67 ಅಡಿಯ ಮೇಲೆ ಸುಮಾರು ಒಂದು ಅಂಗುಲ.

ಇಳಿಜಾರಿನಲ್ಲಿ ಸರಪಳಿಯನ್ನು ನೆಲದ ಮೇಲೆ ಹಾಸದೆ ಮಟ್ಟವಾಗಿ ಹಿಡಿದು ಅಳೆಯತಕ್ಕದ್ದು. ಉಭಯ ಪಕ್ಷದವರ ಎದುರಿನಲ್ಲಿ ಎರಡು ಸಾರಿ ಅಳೆದು ಬರೆದಿಡುವುದು ಕ್ಷೇಮ. ಈ ಲೆಕ್ಕವು ಸರ್ಕಾರಿ ಮೋಜಣಿಗೆ ಬದಲಲ್ಲ, ಎಲ್ಲೆಕಲ್ಲನ್ನು ಕದಲಿಸಲು ಆಧಾರವೂ ಅಲ್ಲ. ಆದರೆ ಕ್ರಯದ ಮಾತಿಗೆ ಮುಂಚೆ ಇದನ್ನು ಮಾಡಿ ನೋಡಿದವರು ವ್ಯಾಜ್ಯದ ಖರ್ಚನ್ನು ಉಳಿಸಿಕೊಳ್ಳುವರು.