ರಿಪೋರ್ಟಿನಲ್ಲಿ ‘ನೆಗೆಟಿವ್’ ಎಂದಿದ್ದರೆ ಮೊದಲು ತಾರೀಖು ನೋಡಿ



ಈ ತಿಂಗಳ ಸಭೆಯಲ್ಲಿ ಉಳಿತಾಯ, ಸಾಲದ ಲೆಕ್ಕ ಮುಗಿದ ಮೇಲೆ ಅರ್ಧ ಗಂಟೆ ಈ ಪಾಠಕ್ಕೆ ಇಟ್ಟುಕೊಳ್ಳಿ. ಎಚ್‌ಐವಿ ಹೇಗೆ ಹರಡುತ್ತದೆ ಎಂಬುದು ನಿಮಗೆ ಗೊತ್ತಿದೆ. ಬೀದಿ ನಾಟಕದಲ್ಲಿ ನೋಡಿದ್ದೀರಿ, ಆಸ್ಪತ್ರೆಯ ಗೋಡೆಯ ಮೇಲೆ ಓದಿದ್ದೀರಿ. ಒಂದೇ ತಟ್ಟೆಯಲ್ಲಿ ಉಂಡರೆ, ಸೊಳ್ಳೆ ಕಚ್ಚಿದರೆ ಬರುವುದಿಲ್ಲ ಅಂತ ನಿಮ್ಮ ಮಕ್ಕಳೂ ಹೇಳುತ್ತಾರೆ. ಆದರೆ ಪರೀಕ್ಷೆ ಮಾಡಿಸಿದ ಮೇಲೆ ಕೈಗೆ ಬರುವ ಚೀಟಿಯನ್ನು ಓದುವುದು ಹೇಗೆ ಎಂದು ನಮಗೆ ಹೇಳಿಕೊಟ್ಟವರು ಕಡಿಮೆ.

ನಮ್ಮ ಸಂಘಗಳಲ್ಲಿ ಕಂಡ ಒಂದು ಸಂಗತಿ ಹೇಳುತ್ತೇನೆ. ಲಾರಿ ಓಡಿಸುವ ಗಂಡ ಊರಿಗೆ ಬಂದವನು, ಹೊರಗೆ ಒಮ್ಮೆ ತಪ್ಪಾಯಿತು ಎಂದು ಹೆಂಡತಿಯ ಮುಂದೆ ಒಪ್ಪಿಕೊಂಡ. ಆಕೆಯ ಒತ್ತಾಯಕ್ಕೆ ರಕ್ತವನ್ನೂ ಕೊಟ್ಟು ಬಂದ. “ಸಿಸ್ಟರ್, ನೆಗೆಟಿವ್ ಬಂದೈತೆ, ಇನ್ನೇನೂ ಭಯ ಇಲ್ಲ ಅಲ್ವಾ?” ಎಂದು ಆಕೆ ಚೀಟಿ ತೋರಿಸಿದಳು. ಆ ಘಟನೆ ನಡೆದು ರಕ್ತ ಕೊಟ್ಟ ದಿನಕ್ಕೆ ಒಂಬತ್ತೇ ದಿನವಾಗಿತ್ತು. ಗಂಡ ಸುಳ್ಳು ಹೇಳಿರಲಿಲ್ಲ. ಚೀಟಿಯೂ ಸುಳ್ಳು ಹೇಳಿರಲಿಲ್ಲ. ಆದರೆ ಆ ಚೀಟಿ ಹೇಳುತ್ತಿದ್ದುದು ಅವನ ಹಿಂದಿನ ದಿನಗಳ ಮಾತು. ಆ ಒಂದು ರಾತ್ರಿಯ ಬಗ್ಗೆ ಅದು ಏನನ್ನೂ ಹೇಳುವ ಹಾಗಿರಲಿಲ್ಲ.

ಯಾಕೆ ಹೀಗೆ?

ಸಾಮಾನ್ಯ ಎಚ್‌ಐವಿ ಪರೀಕ್ಷೆ ವೈರಸ್ಸನ್ನೇ ಹುಡುಕುವುದಿಲ್ಲ. ವೈರಸ್ ಒಳಗೆ ಬಂದ ಮೇಲೆ ಅದರ ವಿರುದ್ಧ ನಮ್ಮ ದೇಹ ತಯಾರಿಸುವ ಪ್ರತಿಕಾಯಗಳನ್ನು ಅದು ಹುಡುಕುತ್ತದೆ. ಅವು ತಯಾರಾಗಲು ವಾರಗಳು ಬೇಕು. ರಾಗಿ ಬಿತ್ತಿದ ಮಾರನೇ ದಿನ ಹೊಲ ನೋಡಿ ಇಲ್ಲಿ ಏನೂ ಬಿತ್ತಿಲ್ಲ ಎನ್ನಲು ಆಗುತ್ತದೆಯೇ? ಸೋಂಕು ಇದ್ದೂ ಪರೀಕ್ಷೆಯಲ್ಲಿ ಕಾಣದ ಈ ಕಾಲವನ್ನು ‘ಗವಾಕ್ಷಿ ಅವಧಿ’ ಎನ್ನುತ್ತಾರೆ. ಬೆರಳಿಗೆ ಚುಚ್ಚಿ ಮಾಡುವ ಪ್ರತಿಕಾಯ ಪರೀಕ್ಷೆಯಲ್ಲಿ ಸೋಂಕು ಕಾಣಿಸಿಕೊಳ್ಳಲು 23ರಿಂದ 90 ದಿನ ಹಿಡಿಯಬಹುದು. ದೊಡ್ಡ ಲ್ಯಾಬುಗಳಲ್ಲಿ ತೋಳಿನ ರಕ್ತ ತೆಗೆದು ಮಾಡುವ ‘ಫೋರ್ತ್ ಜನರೇಷನ್’ ಪರೀಕ್ಷೆ ವೈರಸ್ಸಿನ ಒಂದು ಭಾಗವನ್ನೂ ಹುಡುಕುವುದರಿಂದ 18ರಿಂದ 45 ದಿನದೊಳಗೆ ಹೇಳುತ್ತದೆ. ಯಾವ ಪರೀಕ್ಷೆ ಎಂದು ಗೊತ್ತಿಲ್ಲದಿದ್ದರೆ ಮೂರು ತಿಂಗಳ ಲೆಕ್ಕ ಇಟ್ಟುಕೊಳ್ಳಿ, ಅದು ಎಲ್ಲದಕ್ಕೂ ಸಾಕು.

ಇನ್ನೊಂದು ಮಾತು. ಸೋಂಕು ತಗುಲಿದ ಮೊದಲ ವಾರಗಳಲ್ಲೇ ರಕ್ತದಲ್ಲಿ ವೈರಸ್ ಅತಿ ಹೆಚ್ಚು ಇರುತ್ತದೆ. ಪರೀಕ್ಷೆ ‘ಇಲ್ಲ’ ಎನ್ನುವ ದಿನಗಳಲ್ಲೇ ಇನ್ನೊಬ್ಬರಿಗೆ ದಾಟುವ ಅಪಾಯ ಜಾಸ್ತಿ. ಹಾಗಾಗಿ ಕೊನೆಯ ಪರೀಕ್ಷೆ ಆಗುವ ತನಕ ದೈಹಿಕ ಸಂಪರ್ಕ ಬೇಡ, ಇಲ್ಲವೇ ಪ್ರತಿಸಲವೂ ನಿರೋಧ್ ಬಳಸಬೇಕು ಎಂದು ಪರೀಕ್ಷಾ ಕೇಂದ್ರದಲ್ಲಿ ಹೇಳುತ್ತಾರೆ. ಇದನ್ನು ಗಂಡನಿಗೆ ಹೇಳುವುದು ಸುಲಭವಲ್ಲ ಎಂದು ನನಗೆ ಗೊತ್ತು. ಬೇಕಾದರೆ ಇಬ್ಬರೂ ಒಟ್ಟಿಗೆ ಹೋಗಿ, ಆ ಮಾತನ್ನು ಆಪ್ತಸಮಾಲೋಚಕರ ಬಾಯಿಂದಲೇ ಹೇಳಿಸಿ. ಮನೆಯಲ್ಲಿ ಜಗಳವಾಗುವ ಮಾತು ಅಲ್ಲಿ ಎಷ್ಟೋ ಸಲ ಸಲೀಸಾಗಿ ಮುಗಿಯುತ್ತದೆ.

ಜ್ವರ, ಮೈಮೇಲೆ ದದ್ದು ಬಂತೇ ಇಲ್ಲವೇ ಎಂದು ನೋಡಿ ತೀರ್ಮಾನ ಮಾಡಬೇಡಿ. ಕೆಲವರಿಗೆ ಬರುತ್ತದೆ, ಹಲವರಿಗೆ ಏನೂ ಬರುವುದಿಲ್ಲ. ಆ ಜ್ವರ ಬೇರೆ ಜ್ವರಗಳ ಹಾಗೇ ಇರುತ್ತದೆ.

ಚೀಟಿಯ ಪದಗಳು

ಎಷ್ಟೋ ಜನ ‘ಪಾಸಿಟಿವ್’ ಎಂದರೆ ಒಳ್ಳೆಯದು ಎಂದುಕೊಳ್ಳುತ್ತಾರೆ. ತಪ್ಪೇನಿಲ್ಲ, ಪಾಸಿಟಿವ್ ಆಗಿ ಯೋಚಿಸಿ ಅಂತ ನಾವೇ ತರಬೇತಿಗಳಲ್ಲಿ ಹೇಳುತ್ತೇವಲ್ಲ! ಇಲ್ಲಿ ‘ರಿಯಾಕ್ಟಿವ್’ ಅಥವಾ ‘ಪಾಸಿಟಿವ್’ ಎಂದರೆ ಹುಡುಕಿದ್ದು ಸಿಕ್ಕಿತು ಎಂದರ್ಥ. ‘ನಾನ್ ರಿಯಾಕ್ಟಿವ್’ ಅಥವಾ ‘ನೆಗೆಟಿವ್’ ಎಂದರೆ ಸಿಗಲಿಲ್ಲ.

ಸರ್ಕಾರಿ ಐಸಿಟಿಸಿ ಕೇಂದ್ರದಲ್ಲಿ ಒಂದೇ ಪರೀಕ್ಷೆ ನೋಡಿ ಪಾಸಿಟಿವ್ ಎಂದು ಹೇಳುವುದಿಲ್ಲ. ಮೂರು ಬೇರೆ ಬೇರೆ ಕಿಟ್‌ಗಳಲ್ಲಿ ಮಾಡಿ, ಮೂರರಲ್ಲೂ ರಿಯಾಕ್ಟಿವ್ ಬಂದರೆ ಮಾತ್ರ ಪಾಸಿಟಿವ್ ಎಂದು ಬರೆಯುತ್ತಾರೆ. ಒಂದರಲ್ಲಿ ಬಂದು ಇನ್ನೊಂದರಲ್ಲಿ ಬಾರದೆ ಗೊಂದಲವಾದರೆ ‘ಇಂಡಿಟರ್ಮಿನೇಟ್’ ಎಂದು ಬರೆದು, 14ರಿಂದ 28 ದಿನ ಬಿಟ್ಟು ಮತ್ತೆ ಬನ್ನಿ ಎನ್ನುತ್ತಾರೆ. ಅದು ಪಾಸಿಟಿವ್ ಅಲ್ಲ, ನೆಗೆಟಿವ್ ಕೂಡ ಅಲ್ಲ. ಹೇಳಿದ ದಿನಕ್ಕೆ ಹೋಗದಿದ್ದರೆ ಮಾತ್ರ ಅದರಿಂದ ತೊಂದರೆ.

ಖಾಸಗಿ ಲ್ಯಾಬಿನ ಚೀಟಿಯಲ್ಲಿ ಒಂದು ಸಂಖ್ಯೆಯೂ ಇರುತ್ತದೆ. “ಸಿಸ್ಟರ್, 0.28 ಅಂತ ಬರೆದವ್ರೆ, ಸ್ವಲ್ಪ ಐತೇನೋ?” ಎಂದು ಒಬ್ಬರು ರಾತ್ರಿಯೆಲ್ಲ ನಿದ್ದೆಗೆಟ್ಟಿದ್ದರು. ಆ ಸಂಖ್ಯೆ ವೈರಸ್ಸಿನ ಅಳತೆಯಲ್ಲ. ಪಕ್ಕದಲ್ಲೇ ಗಡಿ ಸಂಖ್ಯೆ ಅಚ್ಚಾಗಿರುತ್ತದೆ, ಬಹಳ ಯಂತ್ರಗಳಲ್ಲಿ ಅದು 1.0. ಅದಕ್ಕಿಂತ ಕೆಳಗೆ ಎಷ್ಟೇ ಇರಲಿ, ನಾನ್ ರಿಯಾಕ್ಟಿವ್ ಎಂದೇ ಅರ್ಥ. ಗಡಿ ದಾಟಿ 1.3, 1.5 ಎಂದು ಸ್ವಲ್ಪವೇ ಮೇಲಿದ್ದರೆ, ಸೋಂಕಿಲ್ಲದವರಲ್ಲೂ ಹಾಗೆ ಬರುವುದುಂಟು. ಆಗ ಅಳುತ್ತಾ ಕೂರದೆ ಐಸಿಟಿಸಿಗೆ ಹೋಗಿ ದೃಢಪಡಿಸಿಕೊಳ್ಳಬೇಕು. ಅಲ್ಲಿ ಪರೀಕ್ಷೆ ಉಚಿತ.

ರಕ್ತದಲ್ಲಿ ಎಲ್ಲಾ ಕಾಣುವುದಿಲ್ಲ

ಎಚ್‌ಐವಿ ಇಲ್ಲ ಎಂದರೆ ಬೇರೆ ಲೈಂಗಿಕ ರೋಗಗಳೂ ಇಲ್ಲ ಎಂದಲ್ಲ. ಹಳಬರು ಪರಂಗಿ ಹುಣ್ಣು ಎನ್ನುತ್ತಿದ್ದ ಸಿಫಿಲಿಸ್‌ಗೆ ವಿ.ಡಿ.ಆರ್.ಎಲ್. ಅಥವಾ ಆರ್.ಪಿ.ಆರ್. ಎಂಬ ರಕ್ತಪರೀಕ್ಷೆ ಇದೆ. ಇದಕ್ಕೂ ಗವಾಕ್ಷಿ ಅವಧಿ ಉಂಟು, ಮೂರು ತಿಂಗಳಿಗೆ ಮತ್ತೆ ಮಾಡಿಸುವುದು ಕ್ಷೇಮ. ಇದು ಗರ್ಭ, ಮಲೇರಿಯಾ ಮುಂತಾದ ಕಾರಣಗಳಿಂದಲೂ ಒಮ್ಮೊಮ್ಮೆ ರಿಯಾಕ್ಟಿವ್ ತೋರಿಸುತ್ತದೆ. ಹಾಗಾಗಿ ಇನ್ನೊಂದು ಪರೀಕ್ಷೆಯಿಂದ ಖಚಿತ ಮಾಡಿಕೊಳ್ಳುತ್ತಾರೆ. ಆ ಎರಡನೇ ಪರೀಕ್ಷೆ ರೋಗ ವಾಸಿಯಾದ ಮೇಲೂ ಸಾಮಾನ್ಯವಾಗಿ ಜೀವನಪೂರ್ತಿ ಪಾಸಿಟಿವ್ ಎಂದೇ ತೋರಿಸುತ್ತದೆ. ಹತ್ತು ವರ್ಷದ ಹಿಂದೆ ವಾಸಿಯಾದವರನ್ನು ಅದೊಂದು ಚೀಟಿ ನೋಡಿ ಅನುಮಾನಿಸಬಾರದು. ಔಷಧಿ ಕೆಲಸ ಮಾಡಿದೆಯೇ ಎಂದು ತಿಳಿಯುವುದು ವಿ.ಡಿ.ಆರ್.ಎಲ್. ಚೀಟಿಯಲ್ಲಿ 1:32, 1:8 ಎಂದು ಬರೆಯುವ ಲೆಕ್ಕದಿಂದ. 32 ಇದ್ದದ್ದು 8ಕ್ಕೆ ಇಳಿದರೆ ಔಷಧಿ ಹಿಡಿದಿದೆ ಎಂದರ್ಥ. ಪೆನ್ಸಿಲಿನ್ ಇಂಜೆಕ್ಷನ್‌ನಿಂದ ಈ ರೋಗ ಪೂರ್ತಿ ಗುಣವಾಗುತ್ತದೆ. ಗರ್ಭಿಣಿಗೆ ಚಿಕಿತ್ಸೆ ಆಗದಿದ್ದರೆ ಮಗು ಹೊಟ್ಟೆಯಲ್ಲೇ ಸಾಯಬಹುದು.

ಗೊನೋರಿಯಾ, ಕ್ಲಮೀಡಿಯಾ ಎಂಬವು ಸಾಮಾನ್ಯ ರಕ್ತಪರೀಕ್ಷೆಯಲ್ಲಿ ಕಾಣುವುದೇ ಇಲ್ಲ. ಮೂತ್ರ ಅಥವಾ ಒಳಗಿನ ಸ್ರಾವವನ್ನು ಪರೀಕ್ಷಿಸಬೇಕು. ಗಂಡಸರಿಗಾದರೆ ಉರಿಮೂತ್ರ, ಕೀವು ಎಂದು ಬೇಗ ಗೊತ್ತಾಗಬಹುದು. ಹೆಂಗಸರಿಗೆ ಎಷ್ಟೋ ಸಲ ಯಾವ ಲಕ್ಷಣವೂ ಇರುವುದಿಲ್ಲ. ಬಿಳಿ ಹೋಗುವುದು, ಕಿಬ್ಬೊಟ್ಟೆ ನೋವು ಇದ್ದರೂ ನಾವು ಸೊಂಟದ ನಿಶ್ಶಕ್ತಿ, ಉಷ್ಣ ಎಂದು ಸುಮ್ಮನಿದ್ದುಬಿಡುತ್ತೇವೆ. ಕೊನೆಗೆ ಮಕ್ಕಳಾಗದಿದ್ದಾಗ ‘ಬಂಜೆ’ ಎಂಬ ಮಾತು ಬರುವುದು ಮಾತ್ರ ಹೆಣ್ಣಿಗೆ. ಇವಕ್ಕೆ ಮಾತ್ರೆ, ಇಂಜೆಕ್ಷನ್ ಇದೆ. ಒಬ್ಬರೇ ತೆಗೆದುಕೊಂಡರೆ ಪ್ರಯೋಜನವಿಲ್ಲ, ಗಂಡಹೆಂಡತಿ ಇಬ್ಬರೂ ಒಟ್ಟಿಗೆ ತೆಗೆದುಕೊಳ್ಳಬೇಕು. ಹೆಪಟೈಟಿಸ್-ಬಿ ಪರೀಕ್ಷೆಯನ್ನೂ ಕೇಳಿ ಮಾಡಿಸಿ. ಅದಕ್ಕೆ ಲಸಿಕೆಯೇ ಇದೆ.

ಗಂಡನ ಚೀಟಿ ಹೆಂಡತಿಯ ಚೀಟಿಯಲ್ಲ. ಅವನದು ನೆಗೆಟಿವ್ ಎಂದು ನೀವು ಬಿಡಬೇಡಿ. ನಿಮ್ಮದು ನೆಗೆಟಿವ್ ಎಂದು ಅವನು ತಪ್ಪಿಸಿಕೊಳ್ಳುವುದೂ ಬೇಡ. ಗರ್ಭಿಣಿಯರಿಗೆ ಮೊದಲ ತಪಾಸಣೆಯಲ್ಲೇ ಎಚ್‌ಐವಿ, ಸಿಫಿಲಿಸ್ ಪರೀಕ್ಷೆ ಮಾಡಿ ತಾಯಿ ಕಾರ್ಡಿನಲ್ಲಿ ಬರೆಯುತ್ತಾರೆ. ಆಮೇಲೆ ಗಂಡನಿಂದ ಅಪಾಯ ಬಂದಿದ್ದರೆ ಆ ಬರಹ ಹಳೆಯದಾಯಿತು. ನರ್ಸಮ್ಮನ ಬಳಿ ಬಾಯಿಬಿಟ್ಟು ಹೇಳಿ, ಮತ್ತೊಮ್ಮೆ ಮಾಡಿಸಿ. ಮಗುವಿಗೆ ಹಾಲೂಡಿಸುವ ಕಾಲಕ್ಕೂ ಇದೇ ಮಾತು.

ಮೂರು ದಿನದ ಮಾತು

ಮೂರು ತಿಂಗಳು ಕಾಯಬೇಕು ಎಂದೆನಲ್ಲ, ಅದು ಪರೀಕ್ಷೆಗೆ. ಔಷಧಿಗೆ ಒಂದು ದಿನವೂ ಕಾಯಬಾರದು. ಅಪಾಯ ನಡೆದ 72 ಗಂಟೆಯೊಳಗೆ ಮಾತ್ರೆ ಶುರುಮಾಡಿ 28 ದಿನ ಬಿಡದೆ ನುಂಗಿದರೆ ಎಚ್‌ಐವಿ ನೆಲೆಗೊಳ್ಳದಂತೆ ಬಹುಪಾಲು ತಡೆಯಬಹುದು. ಇದನ್ನು ‘ಪೆಪ್’ ಎನ್ನುತ್ತಾರೆ. ಎಷ್ಟು ಬೇಗ ಶುರುವಾದರೆ ಅಷ್ಟು ಒಳ್ಳೆಯದು, 72 ಗಂಟೆ ಕಳೆದರೆ ಫಲವಿಲ್ಲ. ಅತ್ಯಾಚಾರಕ್ಕೆ ಒಳಗಾದವರಿಗೆ ಸರ್ಕಾರಿ ಇರಲಿ, ಖಾಸಗಿ ಇರಲಿ, ಆಸ್ಪತ್ರೆಯವರು ಕೂಡಲೇ ಉಚಿತವಾಗಿ ಚಿಕಿತ್ಸೆ ಕೊಡಬೇಕೆಂದು ಕಾನೂನಿದೆ. ಮೊದಲು ಪೊಲೀಸ್ ಕಂಪ್ಲೇಂಟ್ ತನ್ನಿ ಎಂದು ಹಿಂದಕ್ಕೆ ಕಳಿಸುವಂತಿಲ್ಲ. ಬೇರೆ ರೀತಿಯ ಅಪಾಯವಾದರೂ ಅದೇ ದಿನ ಜಿಲ್ಲಾಸ್ಪತ್ರೆಯ ಎ.ಆರ್.ಟಿ. ಕೇಂದ್ರದಲ್ಲಿ ಕೇಳಿ, ಅಥವಾ 1097ಕ್ಕೆ ಫೋನ್ ಮಾಡಿ, ಅದಕ್ಕೆ ದುಡ್ಡಿಲ್ಲ. ಪೆಪ್ ಮಾತ್ರೆ ನುಂಗಿದವರಿಗೆ ಪರೀಕ್ಷೆಯ ದಿನಗಳ ಲೆಕ್ಕ ಬದಲಾಗುತ್ತದೆ. ವೈದ್ಯರು ಬರೆದ ತಾರೀಖಿಗೇ ಹೋಗಬೇಕು.

ಪಾಸಿಟಿವ್ ಎಂದೇ ಬಂದರೆ? 2004ರಿಂದ ನಮ್ಮ ದೇಶದಲ್ಲಿ ಎ.ಆರ್.ಟಿ. ಔಷಧಿ ಉಚಿತವಾಗಿ ಸಿಗುತ್ತಿದೆ. 2017ರಿಂದ, ಪಾಸಿಟಿವ್ ಎಂದು ಖಚಿತವಾದ ಎಲ್ಲರಿಗೂ ರೋಗ ಹೆಚ್ಚಾಗುವ ತನಕ ಕಾಯಿಸದೆ ಔಷಧಿ ಶುರುಮಾಡುತ್ತಾರೆ. ಬಹಳ ಜನರಿಗೆ ದಿನಕ್ಕೆ ಒಂದೇ ಮಾತ್ರೆ. ತಪ್ಪದೆ ನುಂಗಿ, ವೈರಸ್ ರಕ್ತದಲ್ಲಿ ಕಾಣದ ಮಟ್ಟಕ್ಕೆ ಇಳಿದು ಹಾಗೇ ಉಳಿದರೆ ಲೈಂಗಿಕ ಸಂಪರ್ಕದಿಂದ ಸಂಗಾತಿಗೆ ದಾಟುವುದಿಲ್ಲ. 2017ರ ಎಚ್‌ಐವಿ ಮತ್ತು ಏಡ್ಸ್ ಕಾಯ್ದೆಯ ಪ್ರಕಾರ ಒಪ್ಪಿಗೆ ಇಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಫಲಿತಾಂಶವನ್ನು ಊರಿಗೆ ಹೇಳುವಂತಿಲ್ಲ, ಸೋಂಕಿದೆ ಎಂದು ಹೆಂಗಸನ್ನು ವಾಸದ ಮನೆಯಿಂದ ಹೊರಹಾಕುವಂತಿಲ್ಲ. ನಮ್ಮ ಸಂಘಕ್ಕೂ ಇದು ಅನ್ವಯಿಸುತ್ತದೆ. ಯಾರ ಚೀಟಿಯನ್ನೂ ಸಭೆಯಲ್ಲಿ ತೋರಿಸಿ ಎಂದು ಕೇಳಬೇಡಿ, ಲೆಕ್ಕದ ಪುಸ್ತಕದಲ್ಲಿ ಬರೆಯಬೇಡಿ.

ಸಭೆಯಲ್ಲಿ ಚರ್ಚಿಸಿ

ಒಬ್ಬರಿಗೆ ಅಪಾಯದ ಸಂಪರ್ಕ ಆಗಿದ್ದು ಜೂನ್ 1ಕ್ಕೆ. ಜೂನ್ 12ಕ್ಕೆ ರಕ್ತ ಕೊಟ್ಟು ನಾನ್ ರಿಯಾಕ್ಟಿವ್ ಬಂದಿದೆ. ಮತ್ತೆ ಯಾವ ತಾರೀಖಿಗೆ ಹೋಗಬೇಕು? ಅಲ್ಲಿಯವರೆಗೆ ಮನೆಯಲ್ಲಿ ಏನು ಜಾಗ್ರತೆ ಬೇಕು? ಜೂನ್ 2ರಂದೇ ಆಕೆ ನಿಮ್ಮ ಬಳಿ ಬಂದಿದ್ದರೆ ಎಲ್ಲಿಗೆ ಕರೆದುಕೊಂಡು ಹೋಗುತ್ತಿದ್ದಿರಿ, ಯಾವ ಬಸ್ಸಿಗೆ?