ಉಪಕರಣಗಳ ನೆನಪು ಮತ್ತು ನಮ್ಮ ಹೊಣೆ

ನಮ್ಮ ಶಾಲೆಯ ಸುವರ್ಣ ಮಹೋತ್ಸವದ ಈ ಶುಭಾವಸರದಲ್ಲಿ ಹಳೆಯ ವಿದ್ಯಾರ್ಥಿಗಳು ಪ್ರಯೋಗಾಲಯಕ್ಕೆ ಉಪಕರಣಗಳನ್ನು ಕಾಣಿಕೆಯಾಗಿ ನೀಡುತ್ತಿರುವುದು ಸಂತೋಷದ ಸಂಗತಿ. ಅವುಗಳಲ್ಲೊಂದು, ಉದ್ಯಮವೊಂದು ಬಳಸಿ ಬಿಟ್ಟುಕೊಟ್ಟ ಡಿಜಿಟಲ್ ಆಸಿಲೋಸ್ಕೋಪ್. ವಿದ್ಯುತ್ ಸಂಕೇತದ ಏರಿಳಿತವನ್ನು ತೆರೆಯ ಮೇಲೆ ಗೆರೆಯಾಗಿ ತೋರಿಸುವ ಯಂತ್ರವದು. ಚಾಲೂ ಮಾಡಿ ನೋಡಿದರೆ, ಹಿಂದಿನ ಒಡೆಯರು ಉಳಿಸಿದ್ದ ಅಲೆಗಳ ಚಿತ್ರಗಳೂ ಪರೀಕ್ಷೆಗಳ ಹೆಸರುಗಳೂ ಒಂದೊಂದಾಗಿ ಮೂಡಿದವು. ಪರರ ಪತ್ರವನ್ನು ಒಡೆದು ಓದಿದಂತೆ ನನಗೆ ಸಂಕೋಚವಾಯಿತು. ತಂದುಕೊಟ್ಟ ಶಿಷ್ಯನಿಗೆ ಫೋನ್ ಮಾಡಿದಾಗ ಆತ ಗಾಬರಿಗೊಂಡು, "ಸ್ವಿಚ್ ಆರಿಸಿ, ರಿಸೆಟ್ ಮಾಡಿಯೇ ತಂದಿದ್ದೆ ಸಾರ್" ಎಂದ. ಕನ್ನಡ ಮಾಧ್ಯಮದಲ್ಲಿ ಮೆಟ್ರಿಕ್ ಮುಗಿಸಿದ ನಾನು ಆತನನ್ನೇ ಗುರುವಾಗಿಸಿಕೊಂಡು ಕಲಿತ ಪಾಠವನ್ನು ಇಲ್ಲಿ ನಿವೇದಿಸುತ್ತೇನೆ.

ಈ ಯಂತ್ರವು ವೋಲ್ಟೇಜನ್ನು ಕ್ಷಣಕ್ಷಣವೂ ಅಳೆದು ಅಂಕಿಗಳಾಗಿ ಮಾರ್ಪಡಿಸುತ್ತದೆ. ಎಂಟು ಬಿಟ್‌ಗಳ ಯಂತ್ರವಾದರೆ ಅಳತೆಗೆ ೨೫೬ ಮೆಟ್ಟಿಲುಗಳು. ಆ ಅಂಕಿಗಳು ಮೊದಲು ಸೇರುವುದು ತಾತ್ಕಾಲಿಕ ಸ್ಮೃತಿಗೆ. ಅದು ನಮ್ಮ ಬಾಲ್ಯದ ಸ್ಲೇಟಿನಂತೆ. ವಿದ್ಯುತ್ ಹೋದರೆ ಬರಹವೂ ಹೋಯಿತು. ಬಳಕೆದಾರನು 'ಸೇವ್' ಗುಂಡಿಯನ್ನೊತ್ತಿದರೆ ಅವು ಸ್ಥಿರ ಸ್ಮೃತಿಯನ್ನು ಸೇರುತ್ತವೆ. ೧೯೮೪ರಲ್ಲಿ ಜಪಾನಿನ ಫುಜಿಯೋ ಮಸುವೋಕ ಅವರು ಲೋಕಕ್ಕೆ ಪರಿಚಯಿಸಿದ ಫ್ಲಾಶ್ ಸ್ಮೃತಿ ಇಂಥದು. ಸೂಕ್ಷ್ಮ ಕೋಶಗಳಲ್ಲಿ ವಿದ್ಯುದಂಶವನ್ನು ಬಂಧಿಸಿಡುವುದರಿಂದ ವಿದ್ಯುತ್ತಿಲ್ಲದೆಯೂ ವರ್ಷಗಟ್ಟಲೆ ಅದು ಮರೆಯದು. ಇದು ನೋಟುಪುಸ್ತಕ.

ನನ್ನ ಶಿಷ್ಯನು ಎಡವಿದ್ದು ಇಲ್ಲಿಯೇ. ರಿಸೆಟ್ ಎಂದರೆ ಗುಂಡಿಗಳ ಸ್ಥಿತಿಯನ್ನು ಮೊದಲಿನಂತಾಗಿಸುವುದೇ ಹೊರತು ನೋಟುಪುಸ್ತಕವನ್ನು ಅಳಿಸುವುದಲ್ಲ. ಕಡತದ ಹೆಸರನ್ನು ಅಳಿಸಿದರೂ ಸಾಲದು. ಪರಿವಿಡಿಯ ಸಾಲನ್ನು ಹೊಡೆದುಹಾಕಿದರೆ ಒಳಗಿನ ಪಾಠ ಮಾಯವಾಗುವುದೇ? ಆದುದರಿಂದಲೇ ಅನೇಕ ತಯಾರಕರು 'ಸುರಕ್ಷಿತ ಅಳಿಸುವಿಕೆ' ಎಂಬ ಪ್ರತ್ಯೇಕ ಆಜ್ಞೆಯನ್ನು ಒದಗಿಸಿದ್ದಾರೆ.

ಹಾಗೆಂದು ಸಿಕ್ಕಿದ್ದನ್ನೆಲ್ಲ ಅಳಿಸಲೂ ಆಗದು. ಯಂತ್ರದ ಅಳತೆಯನ್ನು ಸರಿಯಾಗಿಡುವ ತಿದ್ದುಪಡಿಯ ಅಂಕಿಗಳೂ ಸ್ಥಿರ ಸ್ಮೃತಿಯಲ್ಲಿಯೇ ಇರುತ್ತವೆ. ಅಂಗಡಿಯ ತೂಕದ ಬಟ್ಟಿನ ಮೇಲಿರುವ ಸರಕಾರಿ ಮುದ್ರೆಯಂತೆ ಅವು. ಅವನ್ನು ಕಳೆದುಕೊಂಡ ಯಂತ್ರ ಗೆರೆಯನ್ನೇನೋ ತೋರಿಸೀತು, ಆದರೆ ಅದರ ಮಾತನ್ನು ನಂಬಲಾಗದು. ಕೆಲವು ಹಳೆಯ ಉಪಕರಣಗಳಲ್ಲಿ ಈ ಅಂಕಿಗಳನ್ನು ಕಾಯುವುದು ಒಳಗಿನ ಪುಟ್ಟ ಬ್ಯಾಟರಿ; ಅದು ಸತ್ತರೆ ಅವೂ ಸತ್ತಂತೆ. ಆದ್ದರಿಂದ ಯಾವುದು ಅಳಿಯುತ್ತದೆ, ಯಾವುದು ಉಳಿಯುತ್ತದೆ ಎಂಬುದನ್ನು ಕೈಪಿಡಿಯಲ್ಲಿ ಓದಿಯೇ ಮುಂದುವರಿಯತಕ್ಕದ್ದು.

ಅಮೆರಿಕದ ರಾಷ್ಟ್ರೀಯ ಮಾನಕ ಮತ್ತು ತಂತ್ರಜ್ಞಾನ ಸಂಸ್ಥೆಯು ಹೊರತಂದ ಮಾರ್ಗದರ್ಶಿಯು ಮೂರು ಹಂತಗಳನ್ನು ಹೇಳುತ್ತದೆ: ಸಾಮಾನ್ಯ ವಿಧಾನಗಳಿಗೆ ದೊರೆಯದಂತೆ ಅಳಿಸುವುದು, ಪ್ರಯೋಗಾಲಯದ ತಜ್ಞರಿಗೂ ಸಿಗದಂತೆ ಶುದ್ಧಗೊಳಿಸುವುದು, ಸ್ಮೃತಿಯನ್ನೇ ನಾಶಪಡಿಸುವುದು. ಮಾಹಿತಿಯ ಗುಟ್ಟು ಎಷ್ಟು ಗಹನವೋ ಹಂತವೂ ಅಷ್ಟು ಕಠಿಣವಾಗಬೇಕು.

ಉಪಕರಣವನ್ನು ಪರರಿಗೆ ಕೊಡುವವರು ಈ ಕ್ರಮವನ್ನು ಅನುಸರಿಸುವುದು ಉಚಿತ. ಬೇಕಾದ ದಾಖಲೆಗಳನ್ನು ಮೊದಲು ಬೇರೆಡೆ ನಕಲು ಮಾಡಿಕೊಳ್ಳಬೇಕು. ಯು.ಎಸ್.ಬಿ. ಕಡ್ಡಿ, ಕಾರ್ಡುಗಳನ್ನು ಹೊರತೆಗೆಯಬೇಕು. ಸುರಕ್ಷಿತ ಅಳಿಸುವಿಕೆ ಮುಗಿಯುವವರೆಗೂ ವಿದ್ಯುತ್ ಕಡಿಯದಂತೆ ನೋಡಿಕೊಳ್ಳಬೇಕು. ಕೊನೆಗೆ ಯಂತ್ರದ ಕ್ರಮಸಂಖ್ಯೆ, ದಿನಾಂಕ, ವಿಧಾನ, ಮಾಡಿದವರ ಸಹಿ ಇರುವ ಚೀಟಿಯೊಂದನ್ನು ಬರೆದಿಡಬೇಕು.

ಹಿಂದಿನ ಒಡೆಯರ ಒಪ್ಪಿಗೆ ಪಡೆದು, ಶಿಷ್ಯನೇ ಕಾಸರಗೋಡಿಗೆ ಬಂದು ನಮ್ಮೆದುರಿನಲ್ಲಿ ಈ ಕಾರ್ಯವನ್ನು ಪೂರೈಸಿದ. ಬಳಿಕ ಯಂತ್ರದ ಮುಂಭಾಗದಲ್ಲಿರುವ ಚೌಕ ಅಲೆಯ ಮೊಳೆಗೆ ತಂತಿಯನ್ನು ತಾಗಿಸಿದಾಗ ತೆರೆಯ ಮೇಲೆ ನೇರವಾದ ಚೌಕಗಳು ಸಾಲಾಗಿ ನಿಂತವು. ಸುತ್ತ ನೆರೆದಿದ್ದ ಮಕ್ಕಳು ಚಪ್ಪಾಳೆ ತಟ್ಟಿದರು. ಅವರ ಪಾಲಿಗೆ ಅದು ಹೊಸ ಯಂತ್ರವೇ ಸರಿ.

ಜ್ಞಾನವನ್ನು ಹಂಚಬೇಕು, ಪರರ ಗುಟ್ಟನ್ನು ಕಾಯಬೇಕು. ಈ ಎರಡನ್ನೂ ಬಲ್ಲವರಾಗಿ ನಮ್ಮ ಶಾಲೆಯ ಮಕ್ಕಳು ಬೆಳೆಯಲೆಂದು ಹಾರೈಸುತ್ತೇನೆ.