ಎಣಿಸದೆ ಬಿಟ್ಟದ್ದು

ಕಲಬುರಗಿಯಲ್ಲಿ ದೊಡ್ಡ ಆಪರೇಷನ್ ಅಂದರೆ ರೋಗಿಯ ಮನೆಯವರು ಮೊದಲು ಕಾಗದಕ್ಕೆ ಸಹಿ ಹಾಕುತ್ತಾರೆ, ಆಮೇಲೆ ಅಪ್ಪನ ಗುಡಿಗೆ ಹೋಗಿ ಶರಣಬಸವೇಶ್ವರರಿಗೆ ಕೈಮುಗಿದು ಬರುತ್ತಾರೆ. ಸಹಿ ಹಾಕುವಾಗ ಇಲ್ಲದ ಧೈರ್ಯ ಗುಡಿಯಿಂದ ಬಂದ ಮೇಲೆ ಅವರ ಮುಖದಲ್ಲಿ ಕಾಣುತ್ತದೆ. ಅಷ್ಟು ನಂಬಿ ಬಂದವರ ಮೈಮೇಲೆ ನಡೆಸುವ ಸಂಶೋಧನೆ ಎಷ್ಟು ಎಚ್ಚರದ್ದಾಗಿರಬೇಕು ಎಂಬುದು ನನಗೆ ತಿಳಿದದ್ದು ತಡವಾಗಿ. ಎಂ.ಎಸ್. ಓದುವಾಗ ನನ್ನ ಥೀಸಿಸ್ ಚರ್ಮದ ಗಡ್ಡೆಗಳ ಮೇಲೆ. ಆಮೇಲೆ ಕೆಲಕಾಲ ಹೊರಗೆ, ಹೃದಯ ಶಸ್ತ್ರಚಿಕಿತ್ಸೆಯ ಥಿಯೇಟರಿನಲ್ಲಿ ದುಡಿದೆ. ಎರಡೂ ಕಡೆ ಮಾಡಿದ ಅಧ್ಯಯನಗಳು ಸಣ್ಣವು, ತಪ್ಪುಗಳು ಮಾತ್ರ ಸಣ್ಣವಲ್ಲ. ಈಗ ಥೀಸಿಸ್ ಬರೆಯಲು ಕೂತ ಪಿಜಿ ವಿದ್ಯಾರ್ಥಿಗಳು ಕೇಳಿದಾಗ ಹೇಳುವುದನ್ನೇ ಇಲ್ಲಿ ಬರೆದಿದ್ದೇನೆ.

1. ಫಾರ್ಮಿನಲ್ಲಿ ಇಲ್ಲದ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ

ನನ್ನ ಥೀಸಿಸ್ಸಿನ ಪ್ರೊಫಾರ್ಮಾ ಹಿರಿಯ ವಿದ್ಯಾರ್ಥಿಯೊಬ್ಬರ ಥೀಸಿಸ್ಸಿನಿಂದ ಎತ್ತಿಕೊಂಡದ್ದು. ವಯಸ್ಸು, ಲಿಂಗ, ಗಡ್ಡೆಯ ಜಾಗ, ಅಳತೆ, ಬಯಾಪ್ಸಿ ವರದಿ, ಅಷ್ಟೇ. ಸುರಪುರದ ಕಡೆಯಿಂದ ಬಂದ ಕೆಲವರ ಅಂಗೈ ಅಂಗಾಲುಗಳಲ್ಲಿ ಗಟ್ಟಿ ಗಂಟುಗಳಿದ್ದವು, ಎದೆ ಬೆನ್ನಿನ ಮೇಲೆ ಮಳೆಹನಿ ಸಿಡಿದಂಥ ಕಪ್ಪು ಬಿಳಿ ಚುಕ್ಕೆಗಳಿದ್ದವು. ಗುದ್ದಲಿ ಹಿಡಿದು ದುಡಿಯುವ ಕೈ, ಜಡ್ಡುಗಟ್ಟಿದೆ ಎಂದುಕೊಂಡೆ. ಅವರಲ್ಲೊಬ್ಬರ ಬೆನ್ನಿನ ಗಾಯ ಬಯಾಪ್ಸಿಯಲ್ಲಿ ಬೋವೆನ್ ಕಾಯಿಲೆ ಎಂದು ಬಂತು. ಚರ್ಮದ ಮೇಲ್ಪದರದಲ್ಲೇ ಇನ್ನೂ ನಿಂತಿರುವ ಕ್ಯಾನ್ಸರ್ ಅದು. ಬಟ್ಟೆ ಮುಚ್ಚಿದ, ಬಿಸಿಲೇ ಬೀಳದ ಜಾಗದಲ್ಲಿ ಇದು ಹೇಗೆ ಬಂತು ಎಂದು ನಾನು ಕೇಳಿಕೊಳ್ಳಲಿಲ್ಲ. ಕುಡಿಯುವ ನೀರು ಯಾವುದು ಎಂದು ಬರೆಯಲು ನನ್ನ ಫಾರ್ಮಿನಲ್ಲಿ ಜಾಗವೇ ಇರಲಿಲ್ಲ.

2013ರಲ್ಲಿ ಜಾದವಪುರ ವಿಶ್ವವಿದ್ಯಾಲಯದ ದೀಪಂಕರ್ ಚಕ್ರವರ್ತಿ ಮತ್ತು ಸಂಗಡಿಗರ ಅಧ್ಯಯನ ಪ್ರಕಟವಾಯಿತು. ಬಂಗಾಳದ ನೀರಿನಲ್ಲಿರುವ ಆರ್ಸೆನಿಕ್ ವಿಷವನ್ನು ಜಗತ್ತಿಗೆ ತೋರಿಸಿಕೊಟ್ಟವರು ಅವರು. ಈ ಸಲ ಅವರು ನೋಡಿದ್ದು ನಮ್ಮ ಪಕ್ಕದ ಯಾದಗಿರಿ ಜಿಲ್ಲೆಯನ್ನು: ಸುರಪುರ ತಾಲ್ಲೂಕಿನ ಹಳೆಯ ಚಿನ್ನದ ಗಣಿಯ ಆಸುಪಾಸು, ಕಿರದಳ್ಳಿ ತಾಂಡಾ. 59 ಕೊಳವೆಬಾವಿಗಳ ನೀರನ್ನು ಪರೀಕ್ಷಿಸಿದಾಗ ಶೇಕಡಾ 79ರಷ್ಟರಲ್ಲಿ ಆರ್ಸೆನಿಕ್ ಲೀಟರಿಗೆ 10 ಮೈಕ್ರೋಗ್ರಾಂ ಮಿತಿಯನ್ನು ದಾಟಿತ್ತು. ಒಂದರಲ್ಲಿ 303 ಇತ್ತು. ತಪಾಸಣೆಗೆ ಬಂದ 181 ಜನರಲ್ಲಿ ಶೇಕಡಾ 58.6 ಮಂದಿಯ ಚರ್ಮದ ಮೇಲೆ ಆರ್ಸೆನಿಕ್ಕಿನ ಗುರುತುಗಳಿದ್ದವು. ನಾನು ಜಡ್ಡು ಎಂದುಕೊಂಡು ಬಿಟ್ಟದ್ದು ಇದೇ ಗುರುತು.

ಆರ್ಸೆನಿಕ್ಕಿಗೆ ಬಣ್ಣವಿಲ್ಲ, ರುಚಿಯಿಲ್ಲ. ಆ ನೀರನ್ನು ವರ್ಷಗಟ್ಟಲೆ ಕುಡಿದ ಮೇಲೆ ಅದು ಚರ್ಮದಲ್ಲಿ ಮೊದಲು ಕಾಣಿಸಿಕೊಳ್ಳುತ್ತದೆ. ಕೆಲವರಲ್ಲಿ ಗಂಟು ಕ್ಯಾನ್ಸರ್ ಆಗುತ್ತದೆ. ಶ್ವಾಸಕೋಶ, ಮೂತ್ರಕೋಶದ ಕ್ಯಾನ್ಸರಿಗೂ ದಾರಿಯಾಗುತ್ತದೆ. ಆ ರೋಗಿಗಳ ಊರಿನ ಹೆಸರನ್ನು ಒಂದು ಕಡೆ ಗುಡ್ಡೆ ಹಾಕಿ ನೋಡಿದ್ದರೂ ಸಾಕಿತ್ತು, ನನಗೊಂದು ಅನುಮಾನ ಬರುತ್ತಿತ್ತು. ನಾನು ಗಡ್ಡೆ ತೆಗೆದು ಹೊಲಿಗೆ ಹಾಕಿ ಅವರನ್ನು ಅದೇ ನೀರಿಗೆ ಕಳಿಸಿದೆ. ಈಗ ಚರ್ಮದ ಗಡ್ಡೆಯ ಪ್ರತಿ ರೋಗಿಗೂ ಮೊದಲು ಕೇಳುವುದು ಎರಡೇ ಮಾತು: ಯಾವ ಊರು, ಯಾವ ನೀರು.

2. ಕೊರೆದು ತೆಗೆದ ಚೂರನ್ನು ಬುಟ್ಟಿಗೆ ಹಾಕಬೇಡಿ

ಇದನ್ನು ಬರೆಯುವುದು ಕಷ್ಟ. ಕಮಲಾಪುರದ ಕಡೆ ಕೆಂಪು ಬಾಳೆ ತೋಟದಲ್ಲಿ ದುಡಿಯುತ್ತಿದ್ದ ಹಿರಿಯರೊಬ್ಬರು ಹಿಮ್ಮಡಿಯಲ್ಲಿ ಕಪ್ಪು ಗಂಟು ಇಟ್ಟುಕೊಂಡು ಬಂದರು. “ಆಣಿ ಆಗ್ಯಾದ್ರಿ ಸಾಹೇಬ್ರ, ಕೊರದು ತೆಗೀರಿ, ನಡೀಲಾಕ ಆಗವಲ್ದು” ಅಂದರು. ಆಣಿ ಎಂದು ಅವರು ಹೇಳಿದ್ದನ್ನು ನಾನು ಹಾಗೇ ಒಪ್ಪಿಕೊಂಡೆ. ಅರಿವಳಿಕೆ ಚುಚ್ಚಿ ಮೇಲಿಂದ ಹೆರೆದು ತೆಗೆದೆ. ಬಯಾಪ್ಸಿಗೆ ಕಳಿಸಿದರೆ ಅವರಿಗೆ ಖರ್ಚು ಎಂದು ಚೂರನ್ನು ಬಿಸಾಡಿದೆ. ತಿಂಗಳುಗಳ ಮೇಲೆ ತೊಡೆಸಂದಿಯಲ್ಲಿ ಗಡ್ಡೆ ಎದ್ದು ಬಂದರು. ಅದು ಮೆಲನೋಮ.

ಬಿಳಿ ಚರ್ಮದವರ ದೇಶಗಳಲ್ಲಿ ಮೆಲನೋಮ ಅಂದರೆ ಬಿಸಿಲಿನ ಮಾತು ಮೊದಲು ಬರುತ್ತದೆ. ಓದಿದ ಪುಸ್ತಕಗಳೂ ಅಲ್ಲಿಯವೇ. ನಮ್ಮಂಥ ಕಂದು ಚರ್ಮದವರಲ್ಲಿ ಅದು ಹೆಚ್ಚಾಗಿ ಹುಟ್ಟುವುದು ಬಿಸಿಲು ಕಾಣದ ಅಂಗಾಲು, ಅಂಗೈ, ಉಗುರಿನ ಬುಡದಲ್ಲಿ. ಜಮೈಕಾದ ಹಾಡುಗಾರ ಬಾಬ್ ಮಾರ್ಲೆಗೆ ಕಾಲ್ಬೆರಳಿನಲ್ಲಿ ಬಂದದ್ದು ಇದೇ ಜಾತಿಯದು. 1981ರಲ್ಲಿ, 36ನೇ ವಯಸ್ಸಿನಲ್ಲಿ ತೀರಿಕೊಂಡರು.

ಹೆರೆದದ್ದರಿಂದ ಆದ ಇನ್ನೊಂದು ನಷ್ಟವನ್ನೂ ಹೇಳಬೇಕು. ಅಲೆಕ್ಸಾಂಡರ್ ಬ್ರೆಸ್ಲೋ ಎಂಬ ಪೆಥಾಲಜಿಸ್ಟ್ 1970ರಲ್ಲಿ ತೋರಿಸಿಕೊಟ್ಟಂತೆ, ಮೆಲನೋಮ ಎಷ್ಟು ಮಿಲಿಮೀಟರ್ ಆಳಕ್ಕೆ ಇಳಿದಿದೆ ಎಂಬುದರ ಮೇಲೆ ರೋಗಿಯ ಮುಂದಿನ ಬದುಕು ನಿಂತಿರುತ್ತದೆ. ಆ ಆಳ ಸಿಗಬೇಕಾದರೆ ಗಂಟನ್ನು ಬುಡಸಮೇತ, ಪೂರ್ತಿ ದಪ್ಪದಲ್ಲಿ ಕತ್ತರಿಸಿ ತೆಗೆಯಬೇಕು. ನಾನು ಅಳತೆಯನ್ನೇ ನಾಶ ಮಾಡಿದ್ದೆ. ಅವರಿಗೆ ಮುಂಚೆಯೇ ರೋಗ ಹರಡಿತ್ತೋ, ನನ್ನಿಂದ ತಡವಾಯಿತೋ, ಯಾರೂ ಹೇಳಲಾರರು. ಅವರ ಮಗ ನನ್ನನ್ನು ಬೈಯಲಿಲ್ಲ. ಬೈದಿದ್ದರೆ ಹಗುರವಾಗುತ್ತಿತ್ತೇನೋ. ಅಂದಿನಿಂದ ಮೈಯಿಂದ ತೆಗೆದ ಪ್ರತಿ ಚೂರೂ, ಎಷ್ಟೇ ಸಣ್ಣದಿರಲಿ, ಫಾರ್ಮಲಿನ್ ಬಾಟಲಿಗೆ ಹೋಗುತ್ತದೆ. ರೋಗಿಯ ಹತ್ತಿರ ದುಡ್ಡಿಲ್ಲದಿದ್ದರೆ ದಾರಿ ಹುಡುಕುವುದು ಡಾಕ್ಟರರ ಕೆಲಸ.

3. ಮಗುವಿನ ಮುಖದ ಚುಕ್ಕೆ ನೋಡಿದರೆ ಮನೆತನವನ್ನೂ ಕೇಳಿ

ನಮ್ಮ ಕಡೆ ಸೋದರಮಾವ, ಅತ್ತೆ ಮಕ್ಕಳ ನಡುವೆ ಮದುವೆ ಇಂದಿಗೂ ಇದೆ. ಅಂಥ ಮನೆಗಳಲ್ಲಿ ಅಪರೂಪಕ್ಕೆ ಜೆರೋಡರ್ಮಾ ಪಿಗ್ಮೆಂಟೋಸಮ್ ಇರುವ ಮಗು ಹುಟ್ಟುತ್ತದೆ. ಬಿಸಿಲಿನಿಂದ ಡಿಎನ್‌ಎಗೆ ಆದ ಪೆಟ್ಟನ್ನು ಈ ಮಕ್ಕಳ ಜೀವಕೋಶಗಳು ಸರಿಪಡಿಸಿಕೊಳ್ಳಲಾರವು. ಜೇಮ್ಸ್ ಕ್ಲೀವರ್ 1968ರಲ್ಲಿ ಇದನ್ನು ಕಂಡುಹಿಡಿದರು. ಮುಖದ ತುಂಬ ಕಪ್ಪು ಚುಕ್ಕೆ, ಬೆಳಕಿಗೆ ಕಣ್ಣು ಬಿಡಲಾರದ ಮಗು, ಹತ್ತು ವರ್ಷ ತುಂಬುವ ಮೊದಲೇ ಚರ್ಮದ ಕ್ಯಾನ್ಸರ್. ಅಂಥ ಒಂದು ಮಗು ಬಂದಾಗ ನಾನು ಗಡ್ಡೆ ತೆಗೆಯುವುದರಲ್ಲೇ ಮುಳುಗಿ, ಬಿಸಿಲಿನಿಂದ ಕಾಪಾಡುವ ಮಾತನ್ನು ಎರಡನೇ ಆಪರೇಷನ್ ತನಕ ಹೇಳಲಿಲ್ಲ. ಕಲಬುರಗಿಯ ಬೇಸಿಗೆಯಲ್ಲಿ ಆ ಮಗುವಿಗೆ ಬೇಕಿದ್ದ ಮೊದಲ ಔಷಧಿ ಅದೇ ಆಗಿತ್ತು.

4. ತಿರುಗಿ ಬಾರದ ರೋಗಿಯೂ ಫಲಿತಾಂಶವೇ

ಥೀಸಿಸ್ಸಿನಲ್ಲಿ ನನ್ನ ರೋಗಿಗಳ ಫಲಿತಾಂಶ ಬಹಳ ಚೆನ್ನಾಗಿತ್ತು. ಮರುತಪಾಸಣೆಗೆ ಬಂದವರನ್ನಷ್ಟೇ ಎಣಿಸಿದ್ದರಿಂದ ಹಾಗಿತ್ತು. ಬಾರದವರನ್ನು ‘ಸಂಪರ್ಕ ತಪ್ಪಿದವರು’ ಎಂಬ ಸಾಲಿಗೆ ಹಾಕಿದ್ದೆ. ಅವರಲ್ಲಿ ಕೆಲವರು ಗುಣವಾಗಿದ್ದರು, ಕೆಲವರು ಗುಳೆ ಹೋಗಿ ಮುಂಬೈ, ಪುಣೆ, ಹೈದರಾಬಾದಿನಲ್ಲಿ ಇಟ್ಟಿಗೆ ಹೊರುತ್ತಿದ್ದರು, ಕೆಲವರು ತೀರಿಹೋಗಿದ್ದರು. ಆ ಮೂರನ್ನೂ ಒಂದೇ ಸಾಲಿಗೆ ಸೇರಿಸಿದ ಅಧ್ಯಯನಕ್ಕೆ ಎಷ್ಟು ಬೆಲೆ?

ದಾರಿ ತೋರಿಸಿದ್ದು ವಾರ್ಡಿನ ಆಯಾ. “ತಾರೀಖು ಹೇಳಬ್ಯಾಡ್ರಿ ಸರ್, ಜಾತ್ರಿಗಿ ಬರ್ರಿ ಅನ್ರಿ” ಎಂದರು. ಹೋಳಿಯಾದ ಐದನೆಯ ದಿನ ಶರಣಬಸವೇಶ್ವರರ ತೇರು. ಗುಳೆ ಹೋದವರೂ ಅದಕ್ಕೆ ಬರುತ್ತಾರೆ. ಹಿಂದಿನ ದಿನ ಉಚ್ಚಾಯಿ ಎಂಬ ಸಣ್ಣ ತೇರು, ಮರುದಿನ ರಥ, ಪರುಷ ಬಟ್ಟಲಿನ ದರ್ಶನ, ದಾಸೋಹದಲ್ಲಿ ಊಟ. ಜಾತ್ರೆಗೆ ಬಂದವರು ಹಾಗೇ ಆಸ್ಪತ್ರೆಗೂ ಬಂದು ಗಾಯ ತೋರಿಸಿ ಹೋಗತೊಡಗಿದರು. ಬಾರದಿದ್ದವರ ಸುದ್ದಿಯನ್ನು ಅವರ ಊರಿನವರೇ ತಂದರು. ಕೆಟ್ಟ ಸುದ್ದಿಯನ್ನೂ ಬರೆದುಕೊಂಡೆ. ಫಲಿತಾಂಶ ಮೊದಲಿನಷ್ಟು ಚೆಂದ ಉಳಿಯಲಿಲ್ಲ, ಆದರೆ ಅದು ನಿಜವಾಗಿತ್ತು.

5. ಹೃದಯ ಮತ್ತೆ ಬಡಿದ ಮಾತ್ರಕ್ಕೆ ಅದು ಉಳಿಯಿತು ಎಂದಲ್ಲ

ತೆರೆದ ಹೃದಯದ ಶಸ್ತ್ರಚಿಕಿತ್ಸೆಯಲ್ಲಿ ರಕ್ತವನ್ನು ಯಂತ್ರಕ್ಕೆ ತಿರುಗಿಸಿ, ಮಹಾಪಧಮನಿಗೆ ಕ್ಲಾಂಪ್ ಹಾಕಿ, ಹೃದಯವನ್ನು ಬೇಕೆಂದೇ ನಿಲ್ಲಿಸುತ್ತಾರೆ. ನಿಲ್ಲಿಸುವುದು ಪೊಟ್ಯಾಸಿಯಂ ಬೆರೆತ ತಣ್ಣನೆಯ ದ್ರಾವಣ, ಕಾರ್ಡಿಯೋಪ್ಲೀಜಿಯಾ. ಬಡಿತ ನಿಂತ ಹೃದಯಕ್ಕೆ ಬೇಕಾಗುವ ಆಮ್ಲಜನಕ ಹತ್ತರಲ್ಲಿ ಒಂದು ಪಾಲಿನಷ್ಟು. ತಂಪು ಅದನ್ನೂ ಇಳಿಸುತ್ತದೆ. 1955ರಲ್ಲಿ ಲಂಡನ್ನಿನ ಡೆನಿಸ್ ಮೆಲ್ರೋಸ್ ಪೊಟ್ಯಾಸಿಯಂ ಸಿಟ್ರೇಟ್ ಬಳಸಿ ಇದನ್ನು ಶುರುಮಾಡಿದರು. ಹೃದಯ ನಿಂತಿತು, ಮತ್ತೆ ಬಡಿಯಿತು, ಎಲ್ಲರೂ ಸಂತೋಷಪಟ್ಟರು. ಆಮೇಲೆ ನೋಡಿದರೆ ಸ್ನಾಯು ಸತ್ತಿತ್ತು, ಪ್ರಮಾಣ ಅತಿಯಾಗಿತ್ತು. ವಿಧಾನವನ್ನು ಬಹುತೇಕರು ಕೈಬಿಟ್ಟರು. ಲಂಡನ್ನಿನ ಸೇಂಟ್ ಥಾಮಸ್ ಆಸ್ಪತ್ರೆಯಲ್ಲಿ ಡೇವಿಡ್ ಹರ್ಸ್ ಮತ್ತು ಬ್ರೇಂಬ್ರಿಜ್ 1970ರ ದಶಕದಲ್ಲಿ ಲೀಟರಿಗೆ 16 ಮಿಲಿಮೋಲ್‌ನಷ್ಟು ಪೊಟ್ಯಾಸಿಯಂ ಇರುವ ದ್ರಾವಣ ಕಟ್ಟಿಕೊಟ್ಟ ಮೇಲೆ ಅದು ಮತ್ತೆ ಬಳಕೆಗೆ ಬಂತು.

ಈ ಚರಿತ್ರೆಯನ್ನು ಪರೀಕ್ಷೆಗಾಗಿ ಬಾಯಿಪಾಠ ಮಾಡಿದ್ದೆ. ಆದರೂ ಎರಡು ದ್ರಾವಣಗಳನ್ನು ಹೋಲಿಸಿ ಲೆಕ್ಕ ಬರೆಯುವಾಗ ನಾನು ನೋಡಿದ್ದು ಕ್ಲಾಂಪ್ ತೆಗೆದ ಮೇಲೆ ಶಾಕ್ ಇಲ್ಲದೆ ಹೃದಯ ಬಡಿಯಿತೇ ಎಂಬುದನ್ನು ಮಾತ್ರ. ಆ ರಾತ್ರಿ ಐಸಿಯುನಲ್ಲಿ ಎಷ್ಟು ಔಷಧಿಯ ಆಸರೆ ಬೇಕಾಯಿತು, ಎಕೋದಲ್ಲಿ ಸ್ನಾಯು ಹೇಗೆ ಹಿಂಡುತ್ತಿದೆ, ರೋಗಿ ಯಾವ ದಿನ ನಡೆದು ಮನೆಗೆ ಹೋದ ಎಂಬುದು ನನ್ನ ಪುಸ್ತಕದಲ್ಲಿ ಇರಲಿಲ್ಲ.

6. ಸಣ್ಣ ಅಧ್ಯಯನ ಕೊಡುವ ಖುಷಿಯನ್ನು ಕಾಯಲು ಬಿಡಿ

ಹೃದಯದ ಆಪರೇಷನ್ನಿಗೆ ಮೊದಲು ತೋಳಿಗೆ ಬಿ.ಪಿ. ಪಟ್ಟಿ ಕಟ್ಟಿ ಐದು ನಿಮಿಷ ಬಿಗಿಮಾಡು, ಐದು ನಿಮಿಷ ಸಡಿಲಿಸು, ಹೀಗೆ ಕೆಲವು ಸಲ. ದೂರದ ಹೃದಯ ಎಚ್ಚೆತ್ತು ತನ್ನನ್ನು ಕಾಪಾಡಿಕೊಳ್ಳುತ್ತದೆ ಎಂಬ ನಂಬಿಕೆ. 1986ರಲ್ಲಿ ನಾಯಿಗಳ ಹೃದಯದ ಮೇಲೆ ನಡೆದ ಪ್ರಯೋಗದಿಂದ ಬೆಳೆದ ವಿಚಾರ ಇದು. ಖರ್ಚಿಲ್ಲದ ಚಿಕಿತ್ಸೆ ಎಂದರೆ ನಮ್ಮಂಥವರಿಗೆ ಎಷ್ಟು ಆಸೆ! ನಾವೂ ಮಾಡಿ ನೋಡಿದೆವು. ಹೃದಯದ ಸ್ನಾಯುವಿಗೆ ಪೆಟ್ಟಾದರೆ ರಕ್ತದಲ್ಲಿ ಏರುವ ಟ್ರೋಪೋನಿನ್ ಇಳಿದಂತೆ ಕಂಡಿತು, ಸಮ್ಮೇಳನದಲ್ಲಿ ಹೆಮ್ಮೆಯಿಂದ ಓದಿದೆ. 2015ರಲ್ಲಿ ಎರಡು ದೊಡ್ಡ ಅಧ್ಯಯನಗಳು ಬಂದವು: ಬ್ರಿಟನ್ನಿನದು 1,612 ರೋಗಿಗಳದ್ದು, ಜರ್ಮನಿಯದು 1,400 ಮೀರಿದ ರೋಗಿಗಳದ್ದು. ಸಾವಿನಲ್ಲಿಯೂ ಹೃದಯಾಘಾತದಲ್ಲಿಯೂ ವ್ಯತ್ಯಾಸ ಕಾಣಲಿಲ್ಲ. ನಾವು ಅಳೆದದ್ದು ಟ್ರೋಪೋನಿನ್ನನ್ನು, ರೋಗಿಗೆ ಬೇಕಿದ್ದದ್ದು ಜೀವ.

7. ಹೃದಯವನ್ನು ಕಾಪಾಡುತ್ತ ಮನುಷ್ಯನನ್ನು ಕಳೆದುಕೊಳ್ಳಬಹುದು

ಹೃದಯದ್ದಲ್ಲದ ಬೇರೆ ದೊಡ್ಡ ಆಪರೇಷನ್ನಿಗೆ ಬಂದ ಹಿರಿಯರಿಗೆ ಅದೇ ಬೆಳಿಗ್ಗೆ, ಹೃದಯದ ಬಡಿತ ತಗ್ಗಿಸುವ ಬೀಟಾ ಬ್ಲಾಕರ್ ಮಾತ್ರೆ ಶುರುಮಾಡಿದರೆ ಹೃದಯಾಘಾತ ತಪ್ಪುತ್ತದೆ ಎಂದು ಒಂದು ಕಾಲಕ್ಕೆ ನಂಬಿದ್ದೆವು. ನಾನೂ ಕೊಟ್ಟೆ. ಒಬ್ಬರ ಬಿ.ಪಿ. ರಾತ್ರಿಯಿಡೀ ಮೇಲೇಳಲಿಲ್ಲ, ಅವರು ಉಳಿದದ್ದು ಅರಿವಳಿಕೆ ತಜ್ಞೆಯ ಜಾಗರಣೆಯಿಂದ. 2008ರ ಪಾಯ್ಸ್ ಎಂಬ ಅಧ್ಯಯನ 8,351 ರೋಗಿಗಳಲ್ಲಿ ಇದನ್ನು ತೂಗಿ ನೋಡಿತು. ಹೃದಯಾಘಾತ ಶೇಕಡಾ 5.7ರಿಂದ 4.2ಕ್ಕೆ ಇಳಿದಿತ್ತು. ಸಾವು 2.3ರಿಂದ 3.1ಕ್ಕೆ ಏರಿತ್ತು, ಲಕ್ವ ಎರಡರಷ್ಟಾಗಿತ್ತು. ಮೊದಲಿನಿಂದ ಈ ಮಾತ್ರೆ ತೆಗೆದುಕೊಳ್ಳುತ್ತಿರುವವರು ಡಾಕ್ಟರರನ್ನು ಕೇಳದೆ ನಿಲ್ಲಿಸಬಾರದು. ಆಪರೇಷನ್ನಿನ ಬೆಳಿಗ್ಗೆ ಹೊಸದಾಗಿ ಶುರುಮಾಡುವುದನ್ನು ನಾನು ಬಿಟ್ಟಿದ್ದೇನೆ.

ಮೊದಲು ಹೃದಯದ ಆಪರೇಷನ್ ಅಂದರೆ ನಮ್ಮ ಜನ ಸೊಲ್ಲಾಪುರ, ಹೈದರಾಬಾದ್, ಬೆಂಗಳೂರಿನ ದಾರಿ ಹಿಡಿಯಬೇಕಿತ್ತು. ಈಗ ಜಯದೇವ ಹೃದ್ರೋಗ ಸಂಸ್ಥೆ ಕಲಬುರಗಿಯಲ್ಲೇ ಇದೆ. ಸಂಶೋಧನೆಯೂ ಇಲ್ಲಿಯೇ, ನಮ್ಮ ನೀರು, ನಮ್ಮ ಬಿಸಿಲು, ನಮ್ಮ ಗುಳೆಯ ಲೆಕ್ಕ ಹಿಡಿದು ನಡೆಯಲಿ. ವಿದ್ಯಾರ್ಥಿಗಳೇ, ಹಳೆಯ ಪ್ರೊಫಾರ್ಮಾ ನಕಲು ಮಾಡಬೇಡಿ. ಮೊದಲು ರೋಗಿಗಳ ಜೊತೆ ಕೂತು ಮಾತಾಡಿ, ಆಮೇಲೆ ಕಾಲಂ ಎಳೆಯಿರಿ. ಓದುತ್ತಿರುವ ಉಳಿದವರಲ್ಲಿ ಒಂದು ಕೇಳಿಕೆ: ಇವತ್ತು ರಾತ್ರಿ ನಿಮ್ಮ ಮತ್ತು ಮನೆಯ ಹಿರಿಯರ ಅಂಗಾಲುಗಳನ್ನು ದೀಪದ ಬೆಳಕಿನಲ್ಲಿ ನೋಡಿ. ಬೆಳೆಯುತ್ತಿರುವ ಕಪ್ಪು ಕಲೆ, ತಿಂಗಳಾದರೂ ಮಾಯದ ಹುಣ್ಣು, ಹಳೆಯ ಸುಟ್ಟ ಗಾಯದ ಕಲೆಯ ಮೇಲೆ ಹೊಸದಾಗಿ ಎದ್ದ ಗಂಟು ಕಂಡರೆ ಸುಣ್ಣ ಹಚ್ಚಬೇಡಿ, ಬ್ಲೇಡು ತಾಗಿಸಬೇಡಿ, ಡಾಕ್ಟರರಿಗೆ ತೋರಿಸಿ. ಅವರು ತೆಗೆದ ಚೂರು ಪರೀಕ್ಷೆಗೆ ಹೋಯಿತೇ ಎಂದು ಕೇಳಿ, ವರದಿಯನ್ನು ಕೈಯಲ್ಲಿ ಹಿಡಿದೇ ಮನೆಗೆ ಹೋಗಿ.